ಒಂದೇ ಒಗ್ಗರಣೆಯಲ್ಲಿ ಪರ ಮತ್ತು ವಿರೋಧ

೧

ಎಲ್ಲಿಂದ ಶುರು ಮಾಡೋಣ?

ಟಿವಿಯಿಂದ ಮಾಡಬಹುದು. ಟಿವಿಯೊಳಗೆ ಒಬ್ಬೊಬ್ಬರು ಒಂದೊಂದು ಚೌಕದಲ್ಲಿ ಕೂತು ಕೂಗುತ್ತಿದ್ದಾರೆ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಭಯೋತ್ಪಾದನೆಯ ಮೂಲ ಯಾವುದು?' ಎಂಬ ಪ್ರಶ್ನೆ ಓಡುತ್ತಿದೆ. ಇತ್ತ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ. ಚೆನ್ನಾಗಿಯೇ ಇದೆ. ಆದರೆ ನೀವು ಓದಿದವರು. 'ಹೊರಗೆ ಟಿವಿ, ಒಳಗೆ ಕುಕ್ಕರ್, ಆಹಾ ಏನು ಸಂಕೇತ' ಎಂದುಬಿಡುತ್ತೀರಿ. ಸಂಕೇತ ಅಲ್ಲ ಸ್ವಾಮಿ, ತೊಗರಿಬೇಳೆ. (ಬೆಂದಿತ್ತು. ಇಳಿಸಿ ಬಂದೆ.)

ಬಾಂಬಿನಿಂದ ಶುರು ಮಾಡುವವರೂ ಇದ್ದಾರೆ. ಮೊದಲ ಸಾಲಿಗೇ ಢಂ ಎನ್ನಿಸಿದರೆ ಓದುಗರು ಎದ್ದು ಕೂರುತ್ತಾರಂತೆ. ಆದರೆ ಎಲ್ಲೋ ನಿಜವಾಗಿಯೇ ಜನ ಸತ್ತಿರುತ್ತಾರೆ, ಅವರ ಮನೆಗಳಲ್ಲಿ ಒಲೆ ಹಚ್ಚಿರುವುದಿಲ್ಲ. ಅವರನ್ನು ನನ್ನ ಮೊದಲ ಸಾಲಿಗೆ ಪಟಾಕಿ ಮಾಡಲು ಮನಸ್ಸು ಒಪ್ಪಲಿಲ್ಲ. ಈ ಕಥೆಯಲ್ಲಿ ಸಿಡಿಯುವುದು ಸಾಸಿವೆ ಮಾತ್ರ ಎಂದು ಈಗಲೇ ಹೇಳಿಬಿಡುತ್ತೇನೆ. ಇಷ್ಟವಿಲ್ಲದವರು ಪುಟ ತಿರುವಬಹುದು.

ಇನ್ನೊಂದು ತೊಡಕು, ಈ 'ನಾನು'. 'ನಾನು' ಎಂದು ಬರೆದರೆ ಮನೆಯವರು ಓದಿ, "ಇದು ನಮ್ಮ ಮನಿ ಸುದ್ದಿ ಅಲ್ಲೇನು?" ಎಂದು ಹಿಡಿದುಬಿಡುತ್ತಾರೆ. ಅದಕ್ಕೆ ಒಂದು ಉಪಾಯ. ಕೊಟ್ಟೂರಿನಲ್ಲಿ ಶಿವಗಂಗಾ ಎಂಬ ಹೆಣ್ಣುಮಗಳಿದ್ದಾಳೆ ಎಂದುಕೊಳ್ಳಿ. ತವರು ಹಡಗಲಿ. ಗಂಡ ಸೋಮಶೇಖರನಿಗೆ ಹಾರ್ಡ್‌ವೇರ್ ಅಂಗಡಿ. ಅತ್ತೆ ಕೊಟ್ರಬಸಮ್ಮ, ಮಗಳು ಅಮೃತಾ. ಪಾತ್ರೆ ತೊಳೆದು ಕೈ ಒಣಗುವ ಮೊದಲು ಒಂದು ಪ್ಯಾರಾ, ಬಟ್ಟೆ ಒಣಗಿದ ಮೇಲೆ ಒಂದು ಪ್ಯಾರಾ ಬರೆಯುವುದು ಅವಳ ಚಟ. ಬ್ರಾಕೆಟ್ಟಿನೊಳಗಿಂದ ಅಪ್ಪಿತಪ್ಪಿ 'ನಾನು' ಇಣುಕಿದರೆ ನೋಡಿಯೂ ನೋಡದ ಹಾಗೆ ಮುಂದೆ ಹೋಗಿ.

೨

ನಿಜವಾದ ಶುರು ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ.

ಹಗರಿಬೊಮ್ಮನಹಳ್ಳಿಯಲ್ಲಿ ಅಂತರ ಕಾಲೇಜು ಚರ್ಚಾ ಸ್ಪರ್ಧೆ. ವಿಷಯ: ಭಯೋತ್ಪಾದನೆಯ ಮೂಲ ಧರ್ಮದಲ್ಲಿದೆ. ಒಂದು ಕಾಲೇಜಿನಿಂದ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಒಂದು ಷೀಲ್ಡ್.

'ಧರ್ಮ' ಎಂದಷ್ಟೇ ಇತ್ತು. ಯಾವ ಧರ್ಮ ಎಂದು ಬರೆದಿರಲಿಲ್ಲ. ಆದರೂ ಬೋರ್ಡಿನ ಮುಂದೆ ನಿಂತು ಓದಿದವರೆಲ್ಲ, ಓದಿ ಮುಗಿಸಿ, ಒಮ್ಮೆ ಹೊನ್ನಿಯ ಕಡೆ ತಿರುಗಿ ನೋಡಿದರು.

ಹೊನ್ನಿ ಅಮೃತಾಳ ಬೆಂಚಿನ ಜೊತೆಗಾತಿ. ಹಾಜರಿಯಲ್ಲಿ ಹೊನ್ನೂರಬಿ. ಅಜ್ಜಿಯ ಹೆಸರು. 'ಇಷ್ಟು ಹಳೇ ಹೆಸರು ನನಗ್ಯಾಕ ಇಟ್ರಿ' ಎಂದು ಅವಳು ಮನೆಯಲ್ಲಿ ಜಗಳವಾಡದ ಹಬ್ಬವಿಲ್ಲ. ಅಪ್ಪ ಬುಡೇನಸಾಬರದು ಶಿವಗಂಗಾಳ ಮನೆಯ ಹಿಂದಿನ ಓಣಿಯಲ್ಲಿ ಮಂಡಕ್ಕಿ ಭಟ್ಟಿ. ಮೈಕಿನ ಮುಂದೆ ಹೊನ್ನಿ ನಿಂತರೆ ಮೈಕೇ ನೆಟ್ಟಗಾಗುತ್ತದೆ ಎಂದು ಕಾಲೇಜಿನಲ್ಲಿ ಮಾತು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಕನ್ನಡದ ಅತಿಥಿ ಉಪನ್ಯಾಸಕರಾದ ಗುರುಮೂರ್ತಿ ಸರ್ ಖಾಲಿಯಾದ ಚಾಕ್‌ಪೀಸ್ ಡಬ್ಬಿಯೊಳಗೆ ಎರಡು ಚೀಟಿ ಹಾಕಿ ಕುಲುಕುತ್ತಿದ್ದರು. ಕೈಗೆ ಬಂದದ್ದು ನಿನ್ನ ಪಕ್ಷ. ನಂಬಿಕೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅದನ್ನೇ ವಾದಿಸಬೇಕು. ಈ ಸಲ ಸರ್ ಡಬ್ಬಿ ತರಲಿಲ್ಲ.

"ಹೊನ್ನೂರಬಿ, ನೀನು ವಿರೋಧ ತಗೊಳಮ್ಮ."

"ಸರ್, ಚೀಟಿ?"

"ಚೀಟಿ ಯಾಕ ಈ ಸಲ? ಅಕಸ್ಮಾತ್ ನಿನಗ ಪರ ಬಂತು ಅಂದ್ರ ಮುಜುಗರ ಆಗತೈತಿ."

ಸರ್ ಒಳ್ಳೆಯ ಮನುಷ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಹೊನ್ನಿ ಅಲ್ಲೇ ಉತ್ತರ ಕೊಡುತ್ತಿದ್ದಳು.

ಅವಳು ಸೀದಾ ಶಿವಗಂಗಾಳ ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬಿಯ ಮೇಲೆ ಕೂತಳು.

"ಆಂಟಿ, ನಾ ಹೋಗಂಗಿಲ್ಲ."

"ಯಾಕವ್ವ?"

"ಮೊಬೈಲ್ ಒಳ್ಳೇದೋ ಕೆಟ್ಟದ್ದೋ ಅಂದಾಗ ಚೀಟಿ ಹಾಕಿದ್ರು. ಕೂಡ್ಲಿಗ್ಯಾಗ ಹೆಣ್ಮಕ್ಕಳಿಗೆ ಮೀಸಲಾತಿ ಬೇಕೋ ಬ್ಯಾಡೋ ಅಂದಾಗ ಚೀಟಿ ಹಾಕಿದ್ರು. ನನಗ ಬ್ಯಾಡ ಅನ್ನೋದು ಬಂತು. ಒಳಗ ಬೈಕೋತ ಹೊರಗ ವಾದ ಮಾಡಿ ಗೆದ್ದು ಬಂದೆ. ಈಗ ನನಗ ಚೀಟಿ ಇಲ್ಲ. ನನ್ನ ಹೆಸರೇ ನನ್ನ ಚೀಟಿ. ಇದು ಭಾಷಣ ಅಲ್ಲ ಆಂಟಿ, ಜಾಮೀನು ಅರ್ಜಿ."

ಹಿಂದೆಯೇ ಬಂದ ಅಮೃತಾ ಬಾಗಿಲಿಗೆ ಒರಗಿದಳು. "ನನಗೇನು ಖುಷಿ ಆಗೇತೇನಲೇ? ಪರ ಅಂದ್ರ ನಿನ್ನ ಎದುರಿಗೆ ನಿನಗ ಬಯ್ಯೋದು."

"ಬಯ್ಯೋದು ನೀ ಚೊಲೋ ಬಯ್ತಿ. ಅದರಾಗ ನಿನಗ ಷೀಲ್ಡ್ ಗ್ಯಾರಂಟಿ."

ಇಬ್ಬರೂ ನಕ್ಕರು. ಆದರೆ ಹೊನ್ನಿಯ ನಗು ಅರ್ಧಕ್ಕೆ ನಿಂತದ್ದನ್ನು ಶಿವಗಂಗಾ ನೋಡಿದಳು.

ಓದುಗರೇ, ಈ ಕಥೆಯಲ್ಲಿ ಪಣಕ್ಕಿರುವುದು ಷೀಲ್ಡ್ ಅಲ್ಲ, ದೇಶದ ಭದ್ರತೆಯೂ ಅಲ್ಲ. ಹೊನ್ನಿಗೆ ಎಲ್ಲರ ಹಾಗೆ ಒಂದು ಚೀಟಿ ಬೇಕು. ಅಷ್ಟೇ.

೩

(ಕೈಬಿಟ್ಟ ಮೊದಲ ಕರಡು)

ಶಿವಗಂಗಾ ಮೊದಲು ಬರೆದ ಕಥೆಯಲ್ಲಿ ಹೊನ್ನಿ ಬಡವಿ. ಹರಿದ ಚಪ್ಪಲಿ. ಮೊಹರಂ ಬರುತ್ತದೆ, ಕೊಟ್ರಬಸಮ್ಮ ಅಲಾಯಿ ದೇವರ ಮುಂದೆ ಸಕ್ಕರೆ ಇಟ್ಟು ಫಾತೆಹಾ ಓದಿಸುತ್ತಾಳೆ, ಹೊನ್ನಿ ಆ ಸಕ್ಕರೆಯನ್ನು ಅಮೃತಾಳ ಬಾಯಿಗೆ ಹಾಕುತ್ತಾಳೆ, ಎಲ್ಲರೂ ಅಳುತ್ತಾರೆ. ಬರೆಯುವಾಗ ಶಿವಗಂಗಾಳೂ ಅತ್ತಳು. (ಈರುಳ್ಳಿಯೂ ಹೆಚ್ಚುತ್ತಿದ್ದೆ.)

ಹೊನ್ನಿ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಆಂಟಿ, ಇದರಾಗ ನಾನು ಎಷ್ಟು ಒಳ್ಳೇಕಿ ಅದೀನಿ ಅಂದ್ರ ನನಗ ವಾಕರಿಕಿ ಬರಾಕತ್ತೈತಿ. ಮತ್ತ ನಮ್ಮಪ್ಪನ್ನ ಯಾಕ ಬಡವ ಮಾಡೀರಿ? ಭಟ್ಟಿ ಐತಿ, ಗಾಡಿ ಐತಿ, ಹೋದ ತಿಂಗಳು ಹಲ್ಲಿಗೆ ಕ್ಯಾಪ್ ಹಾಕಿಸ್ಯಾನ."

"ಬಡವರು ಅಂದ್ರ ಓದೋರಿಗೆ ಲಗೂನ ಕನಿಕರ ಬರತೈತಿ ಹೊನ್ನಿ."

"ಕನಿಕರ ಬ್ಯಾಡ್ರಿ. ಚೀಟಿ ಕೊಡ್ರಿ."

ಕೊಟ್ರಬಸಮ್ಮ ಹೊರಗಿನಿಂದಲೇ ಕೂಗಿದಳು. "ಯವ್ವಾ ಶಿವಗಂಗಾ, ಅಲಾಯಿ ದೇವ್ರಿಗೆ ನಾ ಸಕ್ಕರಿ ಓದ್ಸೋದು ನನ್ನ ಹರಕಿಗೆ. ನಿನ್ನ ಕಥಿಗೆ ಅಲ್ಲ. ತಗದುಹಾಕು."

ತೆಗೆದುಹಾಕಲಾಯಿತು.

೩ (ಮತ್ತೆ)

ಎರಡನೇ ಕರಡಿನಲ್ಲಿ ಒಬ್ಬ ಖಳನಾಯಕ ಬೇಕಾಗಿದ್ದ. ಹತ್ತಿರದಲ್ಲಿ ಗಂಡ ಇದ್ದ. ಊಟ ಮಾಡುತ್ತ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ವಾಟ್ಸಾಪ್. ಏನು ಬಂದರೂ ಫಾರ್ವರ್ಡ್. ಶಿವಗಂಗಾ ಅವನಿಗೆ ದಪ್ಪ ಮೀಸೆ ಇಟ್ಟು, ಹಣೆ ಗಂಟು ಹಾಕಿಸಿ ಬರೆದಳು.

ಸೋಮಶೇಖರ ಓದಿ ಮುಖ ಸಣ್ಣದು ಮಾಡಿಕೊಂಡ.

"ನಾನ್ಯಾಕ ವಿಲನ್? ಬುಡೇನಣ್ಣ, ನಾನು ಒಂದೇ ಟೀಮಿನ್ಯಾಗ ವಾಲಿಬಾಲ್ ಆಡೀವಿ. ಅವನು ಎತ್ತಿ ಕೊಡ್ತಿದ್ದ, ನಾ ಹೊಡೀತಿದ್ದೆ."

"ಮತ್ತ 'ಇವರ ಮಂದಿ ಎಲ್ಲಾ ಹಿಂಗ' ಅನ್ನೋ ಆ ಮೆಸೇಜು?"

"ಬಂತು, ಕಳಿಸಿದೆ."

"ಬುಡೇನಣ್ಣಗೂ ಹೋತಲ್ಲರೀ ಅದು."

"ಹೌದು. ಅವನು ಅದಕ್ಕ ಹೆಬ್ಬೆಟ್ಟು ಎತ್ತ್ಯಾನ. ಓದ್ಯಾನೋ ಇಲ್ಲೋ ಗೊತ್ತಿಲ್ಲ." ಇನ್ನೊಂದು ರೊಟ್ಟಿ ಮುರಿದು, "ಓದಿರಲಿಕ್ಕಿಲ್ಲ ಅಂತ ಬರಿ," ಎಂದ.

ಹಾಗೆ ಕೇಳಿದ ಮೇಲೆ ಖಳನಾಯಕ ಮಾಡಲು ಬರುವುದಿಲ್ಲ. ಮೀಸೆ ತೆಗೆದೆವು.

೪

ನಮ್ಮ ಕಡೆ ಮಕ್ಕಳ ಭಾಷಣ ಬರೆಯುವವರು ಅಮ್ಮಂದಿರು. ಬಹುಮಾನ ವಿತರಣೆಯಲ್ಲಿ ಈ ಮಾತು ಯಾರೂ ಹೇಳುವುದಿಲ್ಲ, ಆದರೆ ತೀರ್ಪುಗಾರರಿಗೂ ಗೊತ್ತು, ಏಕೆಂದರೆ ಅವರ ಮಕ್ಕಳದ್ದನ್ನೂ ಮನೆಯಲ್ಲೇ ಬರೆದಿರುತ್ತಾರೆ. ಶಿವಗಂಗಾ ಅಮೃತಾಳಿಗೂ ಹೊನ್ನಿಗೂ ಬರೆಯುತ್ತ ಬಂದವಳು. ಹೀಗಾಗಿ ಭಯೋತ್ಪಾದನೆಯ ಮೂಲದ ಬಗ್ಗೆ ಪರವೂ ವಿರೋಧವೂ ಒಂದೇ ಅಡುಗೆಕಟ್ಟೆಯ ಮೇಲೆ ತಯಾರಾಗಬೇಕಾಯಿತು.

ಹೊನ್ನಿ ಹೋಗಲು ಒಪ್ಪಿದ್ದು ಎರಡು ಕಾರಣಕ್ಕೆ. ಒಂದು, ಅಮೃತಾ ಹೇಳಿದ್ದು: "ನೀ ಬರದಿದ್ರ ನಿನ್ನ ಬದಲಿ ರೋಜಾ ಬರ್ತಾಳ. ಅಕಿ 'ಹಲೋ ಹಲೋ ಮೈಕ್ ಟೆಸ್ಟಿಂಗ್' ಅನ್ನೋದರಾಗ ಬೆಲ್ ಹೊಡೀತೈತಿ." ಇನ್ನೊಂದು, ಶಿವಗಂಗಾ ಅವಳ ಷರತ್ತಿಗೆ ಒಪ್ಪಿದ್ದು.

"ನನ್ನ ಭಾಷಣದಾಗ 'ನಾವೂ ದೇಶಪ್ರೇಮಿಗಳು' ಅನ್ನೋ ಸಾಲು ಇರಬಾರದು ಆಂಟಿ. ಅಮೃತಾ ಎಲ್ಲೂ ಹಂಗ ಹೇಳ್ಕೊಳ್ಳೋದಿಲ್ಲ. ನಾ ಯಾಕ ಹೇಳ್ಲಿ?"

"ಇರಂಗಿಲ್ಲ."

ಪರದ ಭಾಷಣಕ್ಕೆ ಅಂಗಡಿಯಿಂದ ಸೋಮಶೇಖರನ ವಾಯ್ಸ್ ಮೆಸೇಜುಗಳು ಬಂದವು. ಅದು ನಿರೀಕ್ಷಿತ. ನಿರೀಕ್ಷೆ ಇಲ್ಲದ್ದು ಮಧ್ಯಾಹ್ನ ಮಂಡಕ್ಕಿ ಚೀಲ ಇಳಿಸಲು ಬಂದ ಬುಡೇನಸಾಬರಿಂದ ಬಂತು.

"ಪರಕ್ಕ ಪಾಯಿಂಟ್ ಬೇಕೇನ್ರಿ ಅಕ್ಕಾರ? ಬರ್ಕೊಳ್ರಿ, ನಾ ಹೇಳ್ತೀನಿ. ಅಲ್ಲೆಲ್ಲೋ ದೇವ್ರ ಹೆಸರು ಕೂಗಿ ಗುಂಡು ಹಾರಿಸ್ತಾನಲ್ಲ ಹಲ್ಕಟ್, ಅವನು ಅಲ್ಲಿ ಹಾರಿಸಿದ್ರ ಇಲ್ಲಿ ನನ್ನ ಗಿರಾಕಿ ಮಂಡಕ್ಕಿ ತೂಗೋವಾಗ ನನ್ನ ಮುಖ ನೋಡ್ತಾನ. ಅವನ್ನ ಬಯ್ಯಾಕ ನನಗಿಂತ ಹಕ್ಕು ಯಾರಿಗೈತಿ? 'ನೀವು ಖಂಡಿಸ್ತೀರೇನು' ಅಂತ ಕೇಳ್ತಾರ ಮಂದಿ. ಖಂಡಿಸೋದೇನು ಬಂತು, ಕೈಗೆ ಸಿಕ್ರ ಭಟ್ಟಿಗೆ ಹಾಕಿ ಮಂಡಕ್ಕಿ ಹುರದಂಗ ಹುರೀತೀನಿ."

"ಅಪ್ಪಾ," ಒಳಗಿನಿಂದ ಹೊನ್ನಿ, "ಹುರಿಯೋದೂ ಭಯೋತ್ಪಾದನೇನೇ."

"ನಿಮ್ಮ ಚರ್ಚಾದಾಗ ನನ್ನಂಥೋರಿಗೆ ಜಾಗಾನೇ ಇಲ್ಲ ಬಿಡು," ಎಂದು ಬುಡೇನಸಾಬರು ಕ್ಯಾಪು ಹಾಕಿದ ಹಲ್ಲು ತೋರಿಸಿ ನಕ್ಕರು.

ವಿರೋಧಕ್ಕೆ ಪಾಯಿಂಟ್ ಕೊಟ್ಟದ್ದು ಕೊಟ್ರಬಸಮ್ಮ, ಅದೂ ಕಡ್ಲಿಬೀಜ ಬಿಡಿಸುತ್ತ.

"ನೀ ಮದುವ್ಯಾಗಿ ಬಂದ ಹೊಸದಾಗಿ ಸಾರಿಗೆ ಉಪ್ಪು ಜಾಸ್ತಿ ಹಾಕ್ತಿದ್ದಿ ನೋಡು. ನಾನು 'ಈ ಹಡಗಲಿ ಮಂದೀನೇ ಹಿಂಗ' ಅಂತಿದ್ದೆ. ಈಗ ಕುಂತು ವಿಚಾರ ಮಾಡಿದ್ರ, ಹಡಗಲಿ ಮಂದಿ ಎಲ್ಲಾ ಎದ್ದು ಬಂದು ನಮ್ಮ ಸಾರಿಗೆ ಉಪ್ಪು ಹಾಕಿದ್ರೇನು? ಇದನ್ನ ಬರಿ."

"ಚೊಲೋ ಐತಿ ಅತ್ತಿ."

"ಆದ್ರ ಉಪ್ಪು ಹಾಕಿದಾಕಿ ನೀನೇ ಹೌದಲ್ಲ. ಅದನ್ನ ಪರದಾಗ ಬರಿ."

೫

ಈಗ ತಪ್ಪು ನಡೆದ ಜಾಗಕ್ಕೆ ಬಂದೆವು. ನಿಧಾನವಾಗಿ ಓದಿ, ಇದು ಅಡುಗೆಯ ವಿಷಯ.

ಎರಡು ಪದಾರ್ಥಕ್ಕೆ ಎರಡು ಸಲ ಎಣ್ಣೆ ಕಾಯಿಸುವ ತಾಯಿ ನಮ್ಮ ಕಡೆ ಇಲ್ಲ. ಒಂದೇ ಸೌಟಿನಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಚಟಪಟ ಅನ್ನಿಸಿ, ಅರ್ಧ ಸಾರಿಗೆ ಸುರಿದು, ಉಳಿದರ್ಧ ಪಲ್ಯಕ್ಕೆ ಸುರಿಯುತ್ತೇವೆ. ರುಚಿಗೆ ಏನೂ ಕಡಿಮೆಯಾಗುವುದಿಲ್ಲ. ಶಿವಗಂಗಾ ಭಾಷಣಕ್ಕೂ ಅದನ್ನೇ ಮಾಡಿದಳು. ಕರೆಂಟು ಹೋಗಿತ್ತು, ಬಾಗಿಲಿಗೆ ನೆಂಟರು ಬಂದಿದ್ದರು, ಸಮಯ ಇರಲಿಲ್ಲ. ಒಂದೇ ಪೀಠಿಕೆ ಬರೆದು ಎರಡೂ ಭಾಷಣಕ್ಕೆ ಹಾಕಿದಳು.

ಪೀಠಿಕೆ ಹೀಗಿತ್ತು: 'ಒಂದು ಮನೆಗೆ ಕಳ್ಳ ನುಗ್ಗಿದ. ಹೋಗುವಾಗ ಆ ಮನೆಯವರದ್ದೇ ಅಂಗಿ ತೊಟ್ಟುಕೊಂಡು ಹೋದ. ಮುಂದಿನ ಊರಿನಲ್ಲಿ ಕೊಲೆ ಮಾಡಿದ. ನೋಡಿದವರಿಗೆ ಮುಖ ನೆನಪಿಲ್ಲ, ಅಂಗಿ ನೆನಪಿದೆ.'

ಇಲ್ಲಿಂದ ದಾರಿ ಎರಡಾಗುತ್ತದೆ. ಪರದಲ್ಲಿ ಮುಂದಿನ ಸಾಲು: 'ಅವನಿಗೆ ಬಾಗಿಲು ತೆಗೆದವರು ಯಾರು ಎಂದು ಆ ಮನೆಯವರನ್ನು ಕೇಳಬೇಡವೆ?' ವಿರೋಧದಲ್ಲಿ: 'ಅಂಗಿ ನೋಡಿ ಮನೆಯವರನ್ನು ಹಿಡಿದರೆ ಕಳ್ಳ ಸಿಗುತ್ತಾನೆಯೆ?'

ಹುಡುಗಿಯರು ಭಟ್ಟಿಯ ಪಕ್ಕದ ಚೀಲಗಳ ಮೇಲೆ ಕೂತು ಬಾಯಿಪಾಠ ಮಾಡಿದರು. ಒಳಗೆ ಬಿಸಿ ಮರಳಿನಲ್ಲಿ ಅಕ್ಕಿ ಪಟಪಟ ಅರಳುತ್ತಿತ್ತು, ಹೊರಗೆ ಇವರಿಬ್ಬರು ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು. ಅಮೃತಾ ಹೇಳುವಾಗ ಅವಳ ಹಾಳೆ ಹೊನ್ನಿಯ ಕೈಯಲ್ಲಿ. ಹೊನ್ನಿ ಹೇಳುವಾಗ ಅವಳ ಹಾಳೆ ಅಮೃತಾಳ ಕೈಯಲ್ಲಿ. ತಡವರಿಸಿದರೆ ಎತ್ತಿಕೊಡಬೇಕು. ಅಮೃತಾಳಿಗೆ ಒಂದು ಸಾಲು ಎಂದೂ ಬಾಯಿಗೆ ಬರುತ್ತಿರಲಿಲ್ಲ. 'ಕೇಳಿಯೂ ಸುಮ್ಮನೆ ಕೂತವರು ಯಾರು' ಎಂಬಲ್ಲಿಗೆ ಬಂದು ಹೊನ್ನಿಯ ಮುಖ ನೋಡಿ ನಿಂತುಬಿಡುತ್ತಿದ್ದಳು.

"ಹೇಳಲೇ," ಎನ್ನುತ್ತಿದ್ದಳು ಹೊನ್ನಿ. "ನನ್ನ ಮುಖದಾಗ ಏನು ಬರದೈತಿ? 'ಕೇಳಿಯೂ ಸುಮ್ಮನೆ ಕೂತವರು ಯಾರು?' ಕೈ ಎತ್ತಿ, ಬೆರಳು ತೋರಿಸಿ ಹೇಳು."

"ನಿನ್ನ ಕಡೆ ಬೆರಳು ತೋರ್ಸಾಕ ನನಗ ಬರೋದಿಲ್ಲ."

"ಹಂಗಾದ್ರ ಕಂಬದ ಕಡೆ ತೋರ್ಸು."

ಕಂಬದ ಕಡೆ ತೋರಿಸಿ ಹೇಳಲು ಕಲಿತಳು. ಇಷ್ಟು ಹೇಳಿದ ಮೇಲೆ ಮುಂದೆ ಏನಾಗುತ್ತದೆ ಎಂದು ನಿಮ್ಮಲ್ಲಿ ಮನೆಗೆಲಸ ಮಾಡುವವರಿಗೆಲ್ಲ ಗೊತ್ತಾಗಿರಬೇಕು. ಉಳಿದವರಿಗಾಗಿ ಬರೆಯುತ್ತೇನೆ.

೬

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ರೈಲಿನಲ್ಲಿ ಹೋದರು. ಹೆಣ್ಣುಮಕ್ಕಳ ಜೊತೆಗೆ ಒಬ್ಬ ಹೆಣ್ಣುಮಗಳು ಇರಲಿ ಎಂದು ಗುರುಮೂರ್ತಿ ಸರ್ ಶಿವಗಂಗಾಳನ್ನೂ ಕರೆದಿದ್ದರು. ದಾರಿಯುದ್ದಕ್ಕೂ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ. ಸರ್ ಕಿಟಕಿ ಪಕ್ಕ ಕೂತು ಮೂರು ಸಲ "ಟೆನ್ಷನ್ ಮಾಡ್ಕೋಬ್ಯಾಡ್ರಿ" ಎಂದರು. ಟೆನ್ಷನ್ ಇದ್ದದ್ದು ಅವರೊಬ್ಬರಿಗೇ.

ಸಭಾಂಗಣ ತುಂಬಿತ್ತು. ಮಧ್ಯದಲ್ಲಿ ತೀರ್ಪುಗಾರ್ತಿ ಮರುಳಸಿದ್ದಮ್ಮ ಮೇಡಂ. ನಿವೃತ್ತ ಹೆಡ್‌ಮಿಸ್ಟ್ರೆಸ್, ಕನ್ನಡಕದ ಮೇಲಿಂದ ನೋಡಿದರೆ ಫ್ಯಾನೂ ನಿಧಾನವಾಗುತ್ತಿತ್ತು.

ಅಮೃತಾಳ ಸರದಿ. ಮೈಕಿನ ಮುಂದೆ ನಿಂತಳು. ವಿಷಯದ ಪರವಾಗಿ ಮಾತಾಡುತ್ತೇನೆ ಎಂದು ಘೋಷಿಸಿದಳು. ಪೀಠಿಕೆ ಸೊಗಸಾಗಿ ಬಂತು. ಕಳ್ಳ ನುಗ್ಗಿದ, ಅಂಗಿ ತೊಟ್ಟ, ಕೊಲೆ ಮಾಡಿದ, ನೋಡಿದವರಿಗೆ ಅಂಗಿ ನೆನಪಿದೆ. ಮುಂದೆ ಬರಲಿದ್ದ ಆ 'ಸುಮ್ಮನೆ ಕೂತವರ' ಸಾಲಿಗೆ ಈಗಲೇ ಬೆರಳೆತ್ತಿ ಕಂಬ ಹುಡುಕಿದಳು. ಆ ಸಭಾಂಗಣದಲ್ಲಿ ಕಂಬ ಇರಲಿಲ್ಲ. ಬೆರಳು ಹೋಗಿ ನಿಂತದ್ದು ಮೊದಲ ಸಾಲಿನಲ್ಲಿ ಕೂತ ಹೊನ್ನಿಯ ಮೇಲೆ.

ಬೆರಳು ಮಡಚಿತು. ಬಾಯಿ ಮಾತ್ರ ನಿಲ್ಲಲಿಲ್ಲ.

"ಅಂಗಿ ನೋಡಿ ಮನೆಯವರನ್ನು ಹಿಡಿದರೆ ಕಳ್ಳ ಸಿಗುತ್ತಾನೆಯೆ?"

ಶಿವಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು. ಸಾರಿನ ಒಗ್ಗರಣೆ ಪಲ್ಯಕ್ಕೆ ಬಿದ್ದಿತ್ತು.

ಒಮ್ಮೆ ಹಿಡಿದ ದಾರಿಯಲ್ಲಿ ಅಮೃತಾ ನೀರು ಹರಿದ ಹಾಗೆ ಹೋದಳು, ಏಕೆಂದರೆ ಆ ಹಾಳೆ ದಿನವೂ ಅವಳ ಕೈಯಲ್ಲೇ ಇತ್ತು. "ಬೇರು ಹುಡುಕುವವರು ಪೂರ್ತಿ ಅಗೆಯಲಿ. ಒಂದು ಬೇರು ಯಾವುದೋ ದೇಶ ಯಾರಿಗೋ ಕೊಟ್ಟ ಬಂದೂಕಿನಲ್ಲಿದೆ. ಒಂದು ಕಳೆದುಕೊಂಡ ನೆಲದಲ್ಲಿದೆ. ಒಂದು, ಕೆಲಸವಿಲ್ಲದ ಹುಡುಗನ ಕಿವಿಯಲ್ಲಿ ಯಾರೋ ದಿನವೂ ಊದುವ ಸಿಟ್ಟಿನಲ್ಲಿದೆ. ಎಲ್ಲ ಬಿಟ್ಟು ಅಂಗಿಯ ದಾರವನ್ನೇ ಬೇರು ಎಂದರೆ ಹೇಗೆ?" ಅಲ್ಲಿಂದ ಉಪ್ಪಿನ ಕಥೆಗೆ ಬಂದಳು. ಹಾಳೆಯಲ್ಲಿ 'ನನ್ನ ಗೆಳತಿಯ ಅಜ್ಜಿ' ಎಂದಿತ್ತು. ಅಮೃತಾ, "ನಮ್ಮ ಅಜ್ಜಿ" ಎಂದಳು. "ನಮ್ಮ ಅಮ್ಮ ಹಡಗಲಿಯವರು. ಅಲ್ಲಿ ಹಿಂದೆ ಕೂತಿದ್ದಾರೆ. ಇಡೀ ಹಡಗಲಿ ತಾಲ್ಲೂಕು ನಮ್ಮ ಸಾರಿಗೆ ಉಪ್ಪು ಹಾಕಿತೆ?"

ಹಡಗಲಿ ಕಾಲೇಜಿನ ಹುಡುಗರು ಸೀಟಿ ಹೊಡೆದರು. ಸಭೆಯೆಲ್ಲ ತಿರುಗಿ ಶಿವಗಂಗಾಳನ್ನು ನೋಡಿತು. ತಿರುಗಿ ನೋಡಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಅವಳದ್ದು ಉಪ್ಪಿನ ವಿಷಯ, ನಕ್ಕು ಮುಗಿಯಿತು.

ಬೆಲ್ಲು ಹೊಡೆದ ಮೇಲೆ ಅಮೃತಾಳಿಗೆ ಎಚ್ಚರವಾಯಿತು. ಇಳಿದು ಬಂದು ಹೊನ್ನಿಯ ಪಕ್ಕ ಕುಸಿದಳು.

"ಲೇ ಹೊನ್ನೀ. ನಿನ್ನ ಭಾಷಣ ನಾ ಮಾಡಿಬಿಟ್ಟೆ."

"ಕೇಳಿದೆ."

"ಈಗ ಏನು ಮಾಡ್ತಿ?"

೭

ಇಲ್ಲಿ ಕಥೆ ನಿಲ್ಲಿಸಿ ನಿಮ್ಮನ್ನು ಕೇಳುವುದು ನ್ಯಾಯ. ಹೊನ್ನಿ ಏನು ಮಾಡಬೇಕು?

(ಅ) ಎದ್ದು ಹೋಗಿ ಅದೇ ವಿರೋಧದ ಭಾಷಣವನ್ನು ಇನ್ನೊಮ್ಮೆ ಹೇಳಬಹುದು. ಎರಡನೇ ಸಲ ಬಡಿಸಿದ ಪಲ್ಯ. ಅಂಕ ಸೊನ್ನೆ.

(ಆ) ಹೊಟ್ಟೆನೋವು ಎನ್ನಬಹುದು. ಗುರುಮೂರ್ತಿ ಸರ್ ಈಗಾಗಲೇ ಆ ಸಲಹೆ ಹಿಡಿದು ಎರಡು ಸಾಲು ದಾಟಿ ಬರುತ್ತಿದ್ದಾರೆ. ಪಾಪ, ಒಳ್ಳೆಯ ಮನಸ್ಸಿನಿಂದ.

(ಇ) ಕಥೆಗಾರ್ತಿ ಕರೆಂಟು ತೆಗೆಯಬಹುದು. ಮೈಕು ಸತ್ತು, ಎಲ್ಲರೂ ಚಹಾ ಕುಡಿದು, ಮನೆಗೆ. ನಮ್ಮ ಕಡೆಯ ಕಥೆಗಳಲ್ಲಿ ಕರೆಂಟು ಹೋದರೆ ಯಾರಿಗೂ ಅನುಮಾನ ಬರುವುದಿಲ್ಲ.

ಶಿವಗಂಗಾ (ಇ) ಕಡೆಗೆ ಒಲಿದಳು. ತಾಯಿ ಕರುಳು, ಮಗು ಬೀಳುವ ಮೊದಲೇ ಹಾಸಿಗೆ ಹಾಸಲು ನೋಡುತ್ತದೆ. ಕರೆಂಟು ತೆಗೆಯಲು ಪೆನ್ನು ಎತ್ತಿದಳು.

"ಆಂಟಿ," ಎಂದಳು ಹೊನ್ನಿ, "ನೀವೂ ಗುರುಮೂರ್ತಿ ಸರ್ ಆಗಬ್ಯಾಡ್ರಿ. ಲೈಟ್ ಇರಲಿ."

ಲೈಟ್ ಇತ್ತು.

೮

ಹೊನ್ನಿ ಮೈಕಿನ ಮುಂದೆ ನಿಂತಳು. ಹಾಳೆ ಒಯ್ಯಲಿಲ್ಲ. ಅಮೃತಾಳ ಭಾಷಣಕ್ಕೆ ಅವಳಿಗೆ ಹಾಳೆ ಬೇಕಿರಲಿಲ್ಲ.

"ಆ ಮನೆಗೆ ನುಗ್ಗಿದ ಕಳ್ಳನ ಕಥೆಯನ್ನು ನನ್ನ ಗೆಳತಿ ಹೇಳಿದಳು. ಮುಂದಿನದ್ದು ನಾನು ಹೇಳುತ್ತೇನೆ. ಅವನಿಗೆ ಬಾಗಿಲು ತೆಗೆದವರು ಯಾರು ಎಂದು ಆ ಮನೆಯವರನ್ನು ಕೇಳಬೇಡವೆ?"

ಹಿಂದಿನ ಸಾಲುಗಳಲ್ಲಿ ಗುಸುಗುಸು ನಿಂತಿತು.

"ಗುಂಡು ಹಾರಿಸುವವನು ದೇವರ ಹೆಸರು ಕೂಗುತ್ತಾನೆ. 'ಅವನಿಗೂ ಧರ್ಮಕ್ಕೂ ಸಂಬಂಧವೇ ಇಲ್ಲ' ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಹೆಸರನ್ನು ಹಾಗೆ ಕೂಗಲು ಅವನಿಗೆ ಕಲಿಸಿದವನಿದ್ದಾನೆ. ಗ್ರಂಥದ ನಡುವಿನಿಂದ ಒಂದು ಸಾಲು ಕಿತ್ತು, ಹಿಂದೆ ಮುಂದೆ ಮುಚ್ಚಿ ತೋರಿಸಿದವನಿದ್ದಾನೆ. ಕೇಳಿಯೂ ಸುಮ್ಮನೆ ಕೂತವರು ಯಾರು?"

ಬೆರಳೆತ್ತಿದಳು. ಕಂಬ ಹುಡುಕಲಿಲ್ಲ. ಬೆರಳನ್ನು ತನ್ನ ಕಡೆ ತಿರುಗಿಸಿದಳು.

ಈ ಸಾಲುಗಳನ್ನು ಶಿವಗಂಗಾ ಅಮೃತಾಳಿಗೆಂದು ಬರೆದಿದ್ದಳು. ಬರೆಯುವಾಗ ಅವು ಬೇರೆಯವರ ಮನೆಯ ಅಂಗಳಕ್ಕೆ ಎಸೆದ ಕಲ್ಲಿನ ಹಾಗಿದ್ದವು. ಈಗ ಅದೇ ಮನೆಯ ಹುಡುಗಿ ಅಂಗಳಕ್ಕೆ ಇಳಿದು ಒಂದೊಂದೇ ಕಲ್ಲನ್ನು ಆರಿಸಿ, ಇದು ಎಲ್ಲಿಂದ ಬಂತು ಎಂದು ತಿರುಗಿಸಿ ನೋಡುತ್ತಿದ್ದಳು. ಒಂದಕ್ಷರ ಬದಲಾಗಿರಲಿಲ್ಲ. ಶಿವಗಂಗಾಳಿಗೆ ತಾನು ಬರೆದದ್ದೇ ಗುರುತು ಸಿಗಲಿಲ್ಲ.

ಹಾಳೆಯಲ್ಲಿದ್ದದ್ದು ಮುಗಿಯಿತು. ಸಮಯ ಉಳಿದಿತ್ತು. ಹೊನ್ನಿ ಭಾಷಣದ ಕನ್ನಡ ಬಿಟ್ಟು ಮನೆಯ ಕನ್ನಡಕ್ಕೆ ಬಂದಳು.

"ಸಣ್ಣಾಕಿದ್ದಾಗ ನನಗ ಜ್ವರ ಬಂದ್ರ ನಮ್ಮ ಅಜ್ಜಿ ಆ ಹೆಸರನ್ನ ನನ್ನ ಕಿವ್ಯಾಗ ಹೇಳ್ತಿದ್ಲು. ನಿದ್ದಿ ಬರೋತನಕ ಹೇಳ್ತಿದ್ಲು. ಅದನ್ನ ಯಾವನೋ ಕದ್ದು ಬಂದೂಕಿಗೆ ಕಟ್ಯಾನ. ಕಳುವಾಗಿದ್ದು ನಮ್ಮನ್ಯಾಗ. ಹಂಗಾಗಿ ಮೊದಲು ಕೇಳೋಳು ನಾನು. ಎಲ್ಲರಿಗಿಂತ ಜೋರಾಗಿ ಕೇಳೋಳೂ ನಾನೇ. ನೀವೂ ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಪಕ್ಕ ನಿಂತು ಕೇಳ್ರಿ. ನನ್ನ ಎದುರಿಗೆ ನಿಂತು ಕೇಳಬ್ಯಾಡ್ರಿ."

ಬೆಲ್ಲು ಹೊಡೆಯಬೇಕಾದ ಹುಡುಗ ಮರೆತು ಕೂತಿದ್ದ. ಹೊನ್ನಿಯೇ ಅವನ ಕಡೆ ತಿರುಗಿ, "ಹೊಡಿಯಪ್ಪ, ಮುಗೀತು," ಎಂದಳು. ಆಗ ಎದ್ದ ಚಪ್ಪಾಳೆ ಭಟ್ಟಿಯಲ್ಲಿ ಒಂದು ಹುರಿ ಮಂಡಕ್ಕಿ ಒಮ್ಮೆಲೇ ಅರಳಿದ ಹಾಗಿತ್ತು.

೯

ಮರುಳಸಿದ್ದಮ್ಮ ಮೇಡಂ ಕನ್ನಡಕ ಕೆಳಗಿಳಿಸಿದರು.

"ಕೊಟ್ಟೂರು ಕಾಲೇಜಿನೋರು ಏಳ್ರಿ. ನಿಮ್ಮಿಬ್ಬರೊಳಗ ಪರ ಯಾರು?"

"ನಾನು ಅಂತ ಬರಸೀನಿ ಮೇಡಂ," ಎಂದಳು ಅಮೃತಾ.

"ಮಾತಾಡಿದ್ದು?"

"ವಿರೋಧ."

"ನೀನಮ್ಮ?"

"ವಿರೋಧ ಅಂತ ಬರಸ್ಯಾರ ಮೇಡಂ," ಎಂದಳು ಹೊನ್ನಿ. "ಮಾತಾಡಿದ್ದು ಪರ."

"ಬೇಕಂತ ಮಾಡಿದ್ರೇನು?"

ಇಬ್ಬರೂ ಒಟ್ಟಿಗೆ ತಿರುಗಿ ಶಿವಗಂಗಾಳನ್ನು ನೋಡಿದರು. ಅವಳು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ಬಗ್ಗಿದಳು. (ಏನೂ ಇರಲಿಲ್ಲ. ಮಂಡಕ್ಕಿ ಇತ್ತು.)

ಈಗ ನಿಮ್ಮ ಪ್ರಶ್ನೆ ಗೊತ್ತು. ಷೀಲ್ಡ್ ಬಂತೋ ಇಲ್ಲವೋ?

ಸೋಮಶೇಖರ ಹೇಳುತ್ತಾನೆ, ಬಂತು ಎಂದು ಬರಿ, ಅಂಗಡಿಯಲ್ಲಿ ಫೋಟೋ ಹಾಕುತ್ತೇನೆ. ಆ ದಿನ ಸಂಜೆ ಅವನು ಭಟ್ಟಿಗೆ ಹೋಗಿ ಬುಡೇನಸಾಬರ ಹತ್ತಿರ ಚಹಾ ಕುಡಿದು ಬಂದ. ಏನು ಮಾತಾಡಿದಿರಿ ಎಂದರೆ "ವಾಲಿಬಾಲ್" ಎಂದ. ಫಾರ್ವರ್ಡ್ ನಿಂತಿದೆಯೆ ಎಂದು ನೀವು ಕೇಳಬಹುದು. ಕಡಿಮೆಯಾಗಿದೆ. ಪೂರ್ತಿ ನಿಂತಿತು ಎಂದು ಬರೆದರೆ ನೀವೇ ನಂಬುವುದಿಲ್ಲ.

ಬುಡೇನಸಾಬರು ಹೇಳುತ್ತಾರೆ, ನಿಯಮ ತಪ್ಪಿದ್ದಕ್ಕೆ ಅನರ್ಹ ಮಾಡಿದರು ಎಂದು ಬರೀರಿ, ಆಮೇಲೆ ಜನ ದಂಗೆ ಎದ್ದರು ಎಂದು ಬರೀರಿ.

"ಅಪ್ಪಾ, ದಂಗೆ ಬ್ಯಾಡ."

"ಸಣ್ಣದು."

"ಸಣ್ಣದೂ ಬ್ಯಾಡ."

ಕೊಟ್ರಬಸಮ್ಮ ಹೇಳುತ್ತಾಳೆ, ಷೀಲ್ಡ್ ಎರಡು ಮಾಡಿಸಿದರಾಯಿತು, ಅದಕ್ಕೇನು ಬಂಗಾರ ಬೇಕೆ. ಗುರುಮೂರ್ತಿ ಸರ್ ಮಾತ್ರ ವಾಪಸು ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟು ಹುಡುಗಿಯರ ಎದುರಿಗೆ ಬಂದು ಕೂತರು. ಮಾಲವಿ ಸ್ಟೇಷನ್ ದಾಟುವವರೆಗೆ ಕೈ ಹೊಸೆದರು. ಆಮೇಲೆ, "ಅವತ್ತು ನಾನು ನಿನ್ನ ಒಂದು ಮಾತು ಕೇಳಬೇಕಾಗಿತ್ತು ಹೊನ್ನೂರಬಿ," ಎಂದರು.

"ಹೌದ್ರಿ ಸರ್," ಎಂದು ಹೊನ್ನಿ ಬಜ್ಜಿ ಪೊಟ್ಟಣ ಅವರ ಮುಂದೆ ಹಿಡಿದಳು. "ಖಾರದ್ದು ಮ್ಯಾಲೈತಿ, ನೋಡಿ ತಗೊಳ್ರಿ."

ಷೀಲ್ಡ್ ವಿಷಯ ನಾನು ಬರೆಯುವುದಿಲ್ಲ. ಗೆದ್ದರು ಎಂದರೆ 'ನೋಡಿ, ಪ್ರಶ್ನೆಗೆ ಉತ್ತರ ಸಿಕ್ಕಿತು' ಎಂದು ಪುಸ್ತಕ ಮುಚ್ಚುತ್ತೀರಿ. ಸೋತರು ಎಂದರೆ 'ಅಯ್ಯೋ ಕಾಲವೇ' ಎಂದು ಮುಚ್ಚುತ್ತೀರಿ. ಮುಚ್ಚಬೇಡಿ, ಒಲೆಯ ಮೇಲೆ ಇನ್ನೂ ಇದೆ.

೧೦, ಅಥವಾ ಮತ್ತೆ ೧

ಸ್ವಲ್ಪ ದಿನಗಳ ಮೇಲೆ ನೋಟಿಸ್ ಬೋರ್ಡಿಗೆ ಹೊಸ ಕಾಗದ ಬಂತು. ಹರಪನಹಳ್ಳಿಯಲ್ಲಿ ಚರ್ಚಾ ಸ್ಪರ್ಧೆ. ವಿಷಯ: ಭಯೋತ್ಪಾದನೆಯ ಮೂಲ ಬಡತನದಲ್ಲಿದೆ.

ಬೋರ್ಡಿನ ಮುಂದೆ ನಿಂತವರೆಲ್ಲ ಓದಿದರು. ಓದಿ ಮುಗಿಸಿ, ಗೌರವಧನ ಇನ್ನೂ ಬಂದಿರದ ಗುರುಮೂರ್ತಿ ಸರ್ ಕಡೆ ಒಮ್ಮೆ ತಿರುಗಿ ನೋಡಿದರು.

"ನನ್ನನ್ಯಾಕ ನೋಡ್ತೀರಲೇ?" ಎಂದರು ಸರ್, ಮತ್ತು ತಾವೇ ಮೊದಲು ನಕ್ಕರು. ನಗು ಮುಗಿಯುವ ಮೊದಲೇ ಅವರ ಕೈ ಮೇಜಿನ ಖಾನೆಗೆ ಹೋಯಿತು. ಚಾಕ್‌ಪೀಸ್ ಡಬ್ಬಿ ಹೊರಬಂತು. ಎರಡು ಚೀಟಿ ಮಡಚಿದರು, ಹಾಕಿದರು, ಮುಚ್ಚಿದರು, ಎಂದಿಗಿಂತ ಜಾಸ್ತಿ ಕುಲುಕಿದರು. ಡಬ್ಬಿಯ ತಳದ ಬಿಳಿ ಪುಡಿ ಹಾರಿ ಅವರ ಮೀಸೆ ಬೆಳ್ಳಗಾಯಿತು.

"ತಗೀ ಹೊನ್ನೂರಬಿ. ಮೊದಲು ನೀನು."

ಹೊನ್ನಿ ಕಣ್ಣು ಮುಚ್ಚಿ ಕೈ ಹಾಕಿದಳು. ಬೇಕೆಂದೇ ತಡ ಮಾಡಿದಳು. ಎರಡೂ ಚೀಟಿಗಳನ್ನು ಬೆರಳಿನಿಂದ ಮುಟ್ಟಿ, ಒಂದನ್ನು ಬಿಟ್ಟು, ಮತ್ತೆ ಅದನ್ನೇ ಹಿಡಿದು, ಕೈ ಹೊರತೆಗೆದು ಮುಷ್ಟಿ ಬಿಗಿದಳು. ಮಣಿಕಟ್ಟಿನವರೆಗೆ ಸೀಮೆಸುಣ್ಣ.

"ಏನು ಬಂತಲೇ? ತೋರ್ಸು," ಎಂದು ಅಮೃತಾ ಅವಳ ಬೆರಳು ಬಿಡಿಸಲು ಹೋದಳು.

"ತೋರ್ಸಂಗಿಲ್ಲ."

"ಪರಾನೋ ವಿರೋಧಾನೋ ಅಷ್ಟರ ಹೇಳು!"

"ನನ್ನ ಚೀಟಿ. ನಾ ನೋಡಿ ಆಮ್ಯಾಲ ಹೇಳ್ತೀನಿ," ಎಂದು ಹೊನ್ನಿ ಮುಷ್ಟಿಯನ್ನು ಎದೆಗೊತ್ತಿಕೊಂಡು ವರಾಂಡದಲ್ಲಿ ಓಡಿದಳು. ಅಮೃತಾ ಹಿಂದೆ ಓಡಿದಳು.

ಬರೆಯುವವರಿಗೆ ಒಂದು ಅನುಕೂಲ ಉಂಟು. ಆ ಚೀಟಿಯಲ್ಲಿ ಏನಿದೆ ಎಂದು ತೀರ್ಮಾನಿಸುವವಳು ಶಿವಗಂಗಾ ತಾನೆ? ಮುಷ್ಟಿ ಬಿಚ್ಚಿಸುವುದು ಒಂದು ಸಾಲಿನ ಕೆಲಸ. ಕಥೆಗೂ ಒಂದು ತುದಿ ಸಿಕ್ಕ ಹಾಗಾಗುತ್ತದೆ. ಅವಳು ಕೈ ಒರೆಸಿಕೊಂಡು ಪೆನ್ನನ್ನು ಆ ಮುಷ್ಟಿಯ ಹತ್ತಿರ ತಂದಳು.

ಹೊನ್ನಿ ಓಡುತ್ತಿದ್ದವಳು ನಿಂತು, ಪುಟದೊಳಗಿಂದ ತಲೆ ಎತ್ತಿ ನೋಡಿದಳು.

"ಆಂಟಿ, ಕೈ ತಗೀರಿ."

ತೆಗೆದೆ.